ಪೀಠಕ್ಕೂ ಮೊದಲು ಪ್ರಶ್ನೆ

ಚಿಕ್ಕಬಾಣಾವರದ ಆಸುಪಾಸಿನಲ್ಲಿ ಇಂಜಿನಿಯರಿಂಗ್ ಕಾಲೇಜುಗಳಿಗೆ ಬರವಿಲ್ಲ. ಅಂಥದೊಂದರಲ್ಲಿ ನಾನು ಪಿಎಚ್.ಡಿ. ಮಾರ್ಗದರ್ಶಕ. ನನ್ನ ವಿದ್ಯಾರ್ಥಿಗಳು ಹಗಲೆಲ್ಲ ಪಾಠ ಮಾಡಿ, ಲ್ಯಾಬ್ ರೆಕಾರ್ಡಿಗೆ ಸಹಿ ಹಾಕಿ, ಸಂಜೆ ಪ್ರಬಂಧ ಹಿಡಿದು ಕೂರುವವರು. 'ಸರ್, ಪಿಎಚ್.ಡಿ. ಆದರೆ ಎಚ್ಓಡಿ ಆಗಬಹುದಲ್ವಾ?' ಎಂದು ಒಬ್ಬಾಕೆ ಕೇಳಿದಳು. ಆಸೆ ತಪ್ಪಲ್ಲ. ಆದರೆ ಕುರ್ಚಿ ಸಿಕ್ಕವರೆಲ್ಲ ನಾಯಕರೇ?

ಯುಜಿಸಿಯ 2022ರ ನಿಯಮಗಳು ಸಂಶೋಧಕರಿಗೆ ಬೋಧನೆ, ಬರವಣಿಗೆಯ ತರಬೇತಿ ಬೇಕೆನ್ನುತ್ತವೆ. ವಾರಕ್ಕೆ 4ರಿಂದ 6 ಗಂಟೆ ಟ್ಯುಟೋರಿಯಲ್, ಲ್ಯಾಬ್, ಮೌಲ್ಯಮಾಪನದ ಕೆಲಸವನ್ನೂ ಕೊಡಬಹುದು. ತೈತ್ತಿರೀಯ ಉಪನಿಷತ್ತಿನ ಶಿಕ್ಷಾವಲ್ಲಿಯೂ ಸ್ವಾಧ್ಯಾಯ, ಪ್ರವಚನಗಳನ್ನು ಜೊತೆಗೇ ಇಡುತ್ತದೆ. ಗಂಟೆಯ ಲೆಕ್ಕವನ್ನು ನಿಯಮ ಹೇಳೀತು. ಮನಸ್ಸಿನ ಹದವನ್ನು ಹೇಳದು.

ಆ ಹದಕ್ಕೆ ನನಗೆ ಅನುಭವ ಮಂಟಪವೇ ಮಾದರಿ. ಅಲ್ಲಿ ಪೀಠಾಧ್ಯಕ್ಷ ಅಲ್ಲಮಪ್ರಭು ಅಕ್ಕಮಹಾದೇವಿಯನ್ನು ನಿಷ್ಠುರವಾಗಿ ಪ್ರಶ್ನಿಸುತ್ತಾನೆ. ಆಕೆಯ ಉತ್ತರಕ್ಕೆ ಕೊನೆಗೆ ಒಪ್ಪಿ ಮಣಿಯುತ್ತಾನೆ ಎನ್ನುತ್ತದೆ ಶೂನ್ಯಸಂಪಾದನೆ. ಪೀಠದ ಘನತೆ ಇರುವುದು ಆ ಮಣಿಯುವಿಕೆಯಲ್ಲಿ.

ಹಾಗಾಗಿ ನಮ್ಮ ಸೆಮಿನಾರಿನಲ್ಲಿ ಮೊದಲ ಪ್ರಶ್ನೆ ಎಲ್ಲರಿಗಿಂತ ಕಿರಿಯರದ್ದು, ಅದೂ ನನ್ನ ಪೇಪರಿನ ಮೇಲೆ. 'ಗ್ರಾಫಿನಲ್ಲಿ ಈ ಬಿಂದುವನ್ನು ಯಾಕೆ ಬಿಟ್ಟಿರಿ ಸರ್?' ಎಂದು ಇಂದು ಕೇಳಬಲ್ಲವಳು, ನಾಳೆ ತನ್ನ ವಿದ್ಯಾರ್ಥಿ ಹಾಗೆ ಕೇಳಿದಾಗ ಸಿಡುಕದೆ ಉತ್ತರಿಸಿಯಾಳು. ಎಚ್ಓಡಿಗೆ ಅದಕ್ಕಿಂತ ದೊಡ್ಡ ಅರ್ಹತೆ ನನಗೆ ಗೊತ್ತಿಲ್ಲ.