ತೋಡಿಯ ಜಿಂಕೆ

ಚಿತ್ರ ರಾಗವನ್ನು ತೋರಿಸಬಲ್ಲದೇ? ಇಲ್ಲವೆಂದೇ ನನ್ನ ಉತ್ತರ. ಆದರೂ ರಾಗಗಳನ್ನು ಚಿತ್ರಿಸುವ ರಾಗಮಾಲೆ ಬರೆದವರ ಶ್ರಮ ವ್ಯರ್ಥವಾಗಲಿಲ್ಲ ಎಂದು ಗಟ್ಟಿಯಾಗಿ ನಂಬಿದ್ದೇನೆ.

ದೂಧಗಂಗೆ ದಂಡೆಯ ಸದಲಗಾದಲ್ಲಿ ಈ ಪ್ರಶ್ನೆ ದೂರದ್ದಲ್ಲ. ಕೃಷ್ಣೆ ದಾಟಿದರೆ ತಂಬೂರಿಯ ಮಿರಜ, ಮೂಡಣಕ್ಕೆ ವಿಜಾಪುರ. ಅಲ್ಲಿ 1580ರಿಂದ 1627ರವರೆಗೆ ಆಳಿದ ಎರಡನೆಯ ಇಬ್ರಾಹಿಂ ಆದಿಲಶಹಾ ತನ್ನ ತಂಬೂರಿಗೆ ಮೋತಿಖಾನ್ ಎಂದು ಹೆಸರಿಟ್ಟಿದ್ದ, ‘ಕಿತಾಬ್-ಎ-ನೌರಸ್’ನಲ್ಲಿ ರಾಗಗಳಿಗೆ ಹಾಡು ಕಟ್ಟಿದ್ದ. ಅವನು ತಂಬೂರಿ ನುಡಿಸುತ್ತಿರುವಂತೆ ಫರ್ರುಖ್ ಬೇಗ್ ಬರೆದ ಚಿತ್ರ ಈಗ ಪ್ರಾಗ್ ನಗರದಲ್ಲಿದೆ.

ಅದೇ ಕಾಲದ ದಖನ್ನಿನಲ್ಲಿ ರಾಗಗಳನ್ನೇ ಹೆಣ್ಣು-ಗಂಡುಗಳಾಗಿ ಬರೆದರು. ತೋಡಿ ಎಂದರೆ ವೀಣೆ ಹಿಡಿದ ಹೆಣ್ಣು, ಸುತ್ತ ಜಿಂಕೆ. ಇದು ಸ್ವರಗಳ ಪ್ರತಿರೂಪವೆಂದುಕೊಂಡರೆ ದೊಡ್ಡ ತೊಡಕೊಂದಿದೆ. ಆ ಕಾಲದ ತೋಡಿಯ ಸ್ವರಗಳು ಇಂದು ಹಿಂದೂಸ್ತಾನಿಯವರು ಭೈರವಿ ಎನ್ನುವುದಕ್ಕೆ ಹತ್ತಿರ; ಈಗಿನ ತೋಡಿಯ ಮಧ್ಯಮವೇ ಬೇರೆ. ರಾಗ ಬದಲಾಯಿತು, ಜಿಂಕೆ ನಿಂತಲ್ಲೇ ನಿಂತಿತು. 1609ರ ‘ರಾಗವಿಬೋಧ’ದಲ್ಲಿ ಸೋಮನಾಥ ರಾಗಕ್ಕೆ ನಾದರೂಪ ಒಂದು, ದೇವರೂಪ ಇನ್ನೊಂದು ಎಂದು ಬೇರ್ಪಡಿಸಿಯೇ ಹೇಳಿದ್ದಾನೆ. ಒಂದರಿಂದ ಇನ್ನೊಂದನ್ನು ಲೆಕ್ಕ ಹಾಕಿ ತೆಗೆಯಲಾಗದು.

ಹಾಗಾದರೆ ಜಿಂಕೆಗೇನು ಕೆಲಸ? ಅದು ಕೇಳುತ್ತಿದೆ. ಬೇಟೆ-ಬಲೆ ಮರೆತು, ಕತ್ತು ಎತ್ತಿ, ಮೇವು ಬಿಟ್ಟು ಕೇಳುತ್ತಿದೆ. ಚಿತ್ರಕಾರ ಬರೆದದ್ದು ಸ್ವರವನ್ನಲ್ಲ, ಆಲಿಕೆಯನ್ನು. ಸ್ವರ ಹುಟ್ಟಿದ ಕ್ಷಣಕ್ಕೇ ಆರಿಹೋಗುತ್ತದೆ. ಕೇಳುವವನ ಮೈ ಹೇಗಿತ್ತೆಂಬುದು ಮಾತ್ರ ಬಣ್ಣಕ್ಕೆ ಸಿಗುತ್ತದೆ. ಹೊತ್ತು, ಋತು, ವಿರಹ ಇವೂ ಸಿಗುತ್ತವೆ ನಿಜ. ಆದರೆ ಅವೂ ಕೇಳುಗ ತನ್ನೊಡನೆ ತರುವಂಥವೇ.

ಮಿರಜದ ಕುಶಲಕರ್ಮಿಯನ್ನು ನೋಡಿ. ಬುರುಡೆಯ ಮೇಲೆ ಅವನು ಕೆತ್ತುವ ಹೂಬಳ್ಳಿಯಿಂದ ನಾದಕ್ಕೆ ಏನೂ ಕೂಡುವುದಿಲ್ಲ. ಆಮೇಲೆ ತಂತಿಗಳನ್ನು ಹೊರುವ ಕುದುರೆಯ ಮೇಲೆ, ತಂತಿಯ ಕೆಳಗೆ ಒಂದೆಳೆ ದಾರ ಸೇರಿಸಿ ಕೂದಲೆಳೆಯಷ್ಟು ಸರಿಸುತ್ತಾನೆ, ಮೀಟುತ್ತಾನೆ, ಮತ್ತೆ ಸರಿಸುತ್ತಾನೆ. ಜವಾರಿ ಎಂಬ ಝೇಂಕಾರ ತೆರೆದುಕೊಳ್ಳುವವರೆಗೂ ತಲೆ ವಾಲಿಸಿಯೇ ಇರುತ್ತಾನೆ. ಹಾಗೆ ಕೇಳುತ್ತಿರುವ ಅವನನ್ನು ಬರೆದರೆ ತೋಡಿಯನ್ನು ಬರೆದಂತೆಯೇ.

ಹಂಗೇರಿಯ ಚಿತ್ರಕಾರ ರೋಬರ್ಟ್ ಬೆರೇನಿ ಸ್ವತಃ ಸಂಗೀತ ರಚಿಸುತ್ತಿದ್ದವನು. 1913ರಲ್ಲಿ ಅವನೂ ಬರೆದದ್ದು ಸಂಗೀತವನ್ನಲ್ಲ, ಸಂಗೀತಗಾರ ಬೇಲಾ ಬಾರ್ಟೋಕ್ ಎಂಬ ಮನುಷ್ಯನನ್ನು.

ಮಿರಜದ ಸಿತಾರ್, ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ವಾದ್ಯಕ್ಕೆ ಮರ್ಯಾದೆ ಬಂತು, ಒಳ್ಳೆಯದಾಯಿತು. ಕೇಳುವುದಕ್ಕೂ ಬರಬೇಕು. ಚಿಕ್ಕೋಡಿ, ನಿಪ್ಪಾಣಿ, ಅಥಣಿಯ ಸಂಗೀತ ಗುರುಗಳಲ್ಲಿ ನನ್ನದೊಂದು ವಿನಂತಿ: ತೋಡಿ ಹೇಳಿಕೊಡುವ ದಿನ ಮಕ್ಕಳ ಮುಂದೆ ತೋಡಿ ರಾಗಿಣಿಯ ಒಂದು ಚಿತ್ರ ಇಡಿ. ಆರೋಹ-ಅವರೋಹಕ್ಕೆ ಮೊದಲು ಜಿಂಕೆಯನ್ನು ನೋಡಲು ಹೇಳಿ.