ಸಹಾಧ್ಯಾಯಿಗಳ ಯೋಗಕ್ಷೇಮ

ಒಂದೇ ಗುರುಕುಲದಲ್ಲಿ ಕಲಿತವರು ವಿದ್ಯಾಭ್ಯಾಸವು ಮುಗಿದ ಬಳಿಕ ದಿಕ್ಕುದಿಕ್ಕುಗಳಿಗೆ ಚದರಿಹೋಗುವುದೂ, ಕಾಲಾಂತರದಲ್ಲಿ ಒಬ್ಬರ ಸಮಾಚಾರವನ್ನು ಇನ್ನೊಬ್ಬರು ತಿಳಿಯಬೇಕೆಂದು ಹಂಬಲಿಸುವುದೂ ಮನುಷ್ಯನಿಗೆ ಸಹಜವಾದದ್ದು. ಈ ಹಂಬಲವು ಇಂದು ಒಂದು ಪದ್ಧತಿಯಾಗಿ ಬೆಳೆದಿದೆ. ವ್ಯಾಪಾರ ಮತ್ತು ಆಡಳಿತದ ವಿದ್ಯೆಯನ್ನು ಕಲಿಸುವ ಶಾಲೆಗಳಲ್ಲಂತೂ ಅದು ವಿದ್ಯೆಯ ಒಂದು ಅಂಗವೇ ಆಗಿಹೋಗಿದೆ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯವು 1908ರಲ್ಲಿ ಇಂತಹ ಶಾಲೆಯೊಂದನ್ನು ತೆರೆಯಿತು. ಭಾರತದಲ್ಲಿ 1961ರಲ್ಲಿ ಕಲ್ಕತ್ತೆ ಮತ್ತು ಅಹಮದಾಬಾದುಗಳಲ್ಲಿಯೂ, 1973ರಲ್ಲಿ ಬೆಂಗಳೂರಿನಲ್ಲಿಯೂ ಅದೇ ಬಗೆಯ ಸಂಸ್ಥೆಗಳು ಸ್ಥಾಪಿತವಾದವು. 2010ರಲ್ಲಿ ಬಳ್ಳಾರಿಯಲ್ಲಿ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯವು ಹುಟ್ಟಿದ ಮೇಲೆ ಹೊಸಪೇಟೆ, ಸಂಡೂರು, ಕಂಪ್ಲಿಗಳ ತರುಣ ತರುಣಿಯರಿಗೆ ಈ ವಿದ್ಯೆಯು ಮನೆಯ ಬಾಗಿಲಿಗೇ ಬಂದಂತಾಯಿತು. ಹೀಗೆ ಕಲಿತುಹೋದವರು ಐದು ವರ್ಷಕ್ಕೊಮ್ಮೆಯೋ ಹತ್ತು ವರ್ಷಕ್ಕೊಮ್ಮೆಯೋ ತಮ್ಮ ಉದ್ಯೋಗದ ಮತ್ತು ಸಂಸಾರದ ವರ್ತಮಾನವನ್ನು ಪರಸ್ಪರ ತಿಳಿಸುತ್ತಾರೆ. ಈ ವರ್ತಮಾನವು ಎಂತಹದಾಗಿರಬೇಕು? ಅದನ್ನು ಬರೆಯುವವನ ಧರ್ಮವೇನು? ಓದುವವನ ಧರ್ಮವೇನು? ಪ್ರಶ್ನೆಯು ಅಲ್ಪವೆಂದು ತೋರಬಹುದಾದರೂ, ಒಂದು ಬಾಳನ್ನು ಯಾವುದರಿಂದ ಅಳೆಯಬೇಕೆಂಬ ಹಿರಿಯ ಪ್ರಶ್ನೆಯೇ ಅದರೊಳಗೆ ಅಡಗಿದೆ.

ಕನ್ನಡದ ಮನೆಗಳಲ್ಲಿ ಹಿಂದೆ ಕಾಗದವನ್ನು ಬರೆಯುತ್ತಿದ್ದವರು ‘ಉಭಯಕುಶಲೋಪರಿ’ ಎಂದು ಪ್ರಾರಂಭಿಸುತ್ತಿದ್ದರು. ಇಲ್ಲಿ ಕ್ಷೇಮ, ಅಲ್ಲಿಯ ಕ್ಷೇಮಕ್ಕೆ ಬರೆಯುತ್ತಿರಬೇಕು ಎಂಬ ಮಾತಾದ ಹೊರತು ವಿಷಯಕ್ಕೆ ಕೈಹಾಕುತ್ತಿರಲಿಲ್ಲ. ಅದು ಬರಿಯ ವಾಡಿಕೆಯೆಂದು ತಳ್ಳಿಹಾಕುವುದು ಸುಲಭ. ಆದರೆ ಆ ವಾಡಿಕೆಯಲ್ಲಿ ಒಂದು ವಿವೇಕವಿದ್ದಿತು. ಕುಶಲವೆಂಬುದು ಒಬ್ಬನದಲ್ಲ, ಇಬ್ಬರದು; ತನ್ನ ಸುದ್ದಿಯನ್ನು ಹೇಳುವ ಮುನ್ನ ಇನ್ನೊಬ್ಬನ ಸುದ್ದಿಯನ್ನು ಕೇಳುವ ಮನಸ್ಸಿರಬೇಕು ಎಂಬುದೇ ಆ ವಿವೇಕ. ಹಾಗೆಯೇ ‘ಯೋಗಕ್ಷೇಮ’ ಎಂಬ ಇನ್ನೊಂದು ಮಾತನ್ನೂ ವಿಚಾರಿಸಬಹುದು. ಇಲ್ಲದಿರುವುದನ್ನು ಪಡೆಯುವುದು ಯೋಗವೆಂದೂ, ಪಡೆದುದನ್ನು ಕಾಪಾಡಿಕೊಳ್ಳುವುದು ಕ್ಷೇಮವೆಂದೂ ಹಿರಿಯರು ಅದಕ್ಕೆ ಅರ್ಥ ಹೇಳಿದ್ದಾರೆ. ಒಬ್ಬನ ಯೋಗಕ್ಷೇಮವನ್ನು ವಿಚಾರಿಸುವುದೆಂದರೆ ಅವನು ಏನನ್ನು ಗಳಿಸಿದನೆಂದು ಮಾತ್ರ ಕೇಳುವುದಲ್ಲ. ಏನನ್ನು ಉಳಿಸಿಕೊಂಡನೆಂದೂ ಕೇಳುವುದು.

ಇಂದಿನ ಸಹಾಧ್ಯಾಯಿಗಳ ವರ್ತಮಾನವನ್ನು ಈ ಎರಡು ಮಾತುಗಳ ಬೆಳಕಿನಲ್ಲಿ ನೋಡಿದರೆ ಅದರ ಕೊರತೆಯು ಕಾಣುತ್ತದೆ. ಇಂತಹವನು ಇಂತಹ ಸಂಸ್ಥೆಯಲ್ಲಿ ಇಂತಹ ಪದವಿಗೆ ಏರಿದನು, ಮನೆಯನ್ನು ಕಟ್ಟಿಸಿದನು, ಮಗನು ಪರದೇಶಕ್ಕೆ ಓದಲು ಹೋದನು, ಮಗಳಿಗೆ ವಿವಾಹವಾಯಿತು. ಇವೆಲ್ಲವೂ ಸಂತೋಷದ ಸಂಗತಿಗಳೇ. ಮಿತ್ರನ ಏಳಿಗೆಯನ್ನು ಕೇಳಿ ಹಿಗ್ಗದ ಮನಸ್ಸು ಮನಸ್ಸಲ್ಲ. ಇಂತಹ ಸಮಾಚಾರದಿಂದ ಕೆಲಸವಿಲ್ಲದವನಿಗೆ ಕೆಲಸವು ದೊರೆತದ್ದೂ, ಬಂಡವಾಳವಿಲ್ಲದವನಿಗೆ ಬಂಡವಾಳವು ಒದಗಿದ್ದೂ ಉಂಟು. ಆದರೆ ಇವೆಲ್ಲವೂ ಯೋಗದ ಮಾತು. ಕ್ಷೇಮದ ಮಾತು ಇವುಗಳಲ್ಲಿ ಎಲ್ಲಿದೆ?

ವಿಚಿತ್ರವೇನೆಂದರೆ, ವ್ಯಾಪಾರಶಾಸ್ತ್ರವನ್ನು ಕಲಿತವರು ಎಲ್ಲರಿಗಿಂತ ಮೊದಲು ಈ ಕೊರತೆಯನ್ನು ಕಾಣಬೇಕಾದವರು. ಅವರ ಮೊದಲ ಪಾಠವೇ ಜಮಾ ಖರ್ಚುಗಳದು. ವೆನಿಸ್ ನಗರದ ವರ್ತಕರು ಬಳಸುತ್ತಿದ್ದ ಎರಡು ಬದಿಯ ಲೆಕ್ಕದ ಕ್ರಮವನ್ನು ಲೂಕಾ ಪಾಚಿಯೋಲಿ ಎಂಬ ಸಂನ್ಯಾಸಿಯು 1494ರಲ್ಲಿ ಅಚ್ಚಾದ ತನ್ನ ಗಣಿತಗ್ರಂಥದಲ್ಲಿ ವಿವರಿಸಿದನು. ಆಗ ತುಂಗಭದ್ರೆಯ ದಡದಲ್ಲಿ ವಿಜಯನಗರದ ಪೇಟೆಗಳು ತುಂಬಿ ನಡೆಯುತ್ತಿದ್ದವು. ಆ ಕ್ರಮದ ಸಾರವು ಇಷ್ಟೆ: ಒಂದು ಬದಿಯಲ್ಲಿ ಬಂದುದನ್ನು ಬರೆದರೆ ಇನ್ನೊಂದು ಬದಿಯಲ್ಲಿ ಅದು ಎಲ್ಲಿಂದ ಬಂದಿತೆಂಬುದನ್ನೂ ಬರೆಯಲೇಬೇಕು. ಒಂದೇ ಬದಿಯುಳ್ಳ ಲೆಕ್ಕವನ್ನು ಯಾವ ವರ್ತಕನೂ ನಂಬುವುದಿಲ್ಲ. ಹೀಗಿರಲು, ಅಂಗಡಿಯ ಲೆಕ್ಕದಲ್ಲಿ ಇಷ್ಟು ನಿಷ್ಠುರನಾದವನು ತನ್ನ ಬಾಳಿನ ಲೆಕ್ಕವನ್ನು ಮಿತ್ರರ ಮುಂದಿಡುವಾಗ ಒಂದೇ ಬದಿಯನ್ನು ತೋರಿಸಿ ಸುಮ್ಮನಾಗುವುದೇಕೆ?

ಒಂದೇ ಬದಿಯ ಲೆಕ್ಕದಿಂದ ಆಗುವ ಮೋಸವನ್ನು ಸಂಡೂರಿನ ಸೀಮೆಯು ಬಲ್ಲದು. ಈ ಶತಮಾನದ ಮೊದಲ ದಶಕದಲ್ಲಿ ಚೀನಾದೇಶದ ಬೇಡಿಕೆಯಿಂದ ಕಬ್ಬಿಣದ ಅದಿರಿನ ಬೆಲೆಯು ಬಹಳವಾಗಿ ಏರಿತು. ಸಂಡೂರಿನ ಬೆಟ್ಟಗಳಿಂದ ಹೊಸಪೇಟೆಯ ಕಡೆಗೆ ಅದಿರಿನ ಲಾರಿಗಳು ಹಗಲಿರುಳೂ ಓಡಿದವು. ಮರಗಿಡಗಳ ಮೇಲೆ ಕೆಂಪು ಧೂಳು ಕುಳಿತಿತು. ಆ ವರ್ಷಗಳಲ್ಲಿ ಗಣಿಯ ವ್ಯವಹಾರವನ್ನು ಹಿಡಿದಿದ್ದ ವಿದ್ಯಾವಂತನು ತನ್ನ ಸಹಾಧ್ಯಾಯಿಗಳಿಗೆ ವರ್ತಮಾನವನ್ನು ಬರೆದಿದ್ದರೆ ಅದು ಎಲ್ಲರಿಗಿಂತ ಉಜ್ಜ್ವಲವಾದ ವರ್ತಮಾನವಾಗಿರುತ್ತಿತ್ತು. 2011ನೆಯ ಜುಲೈ ತಿಂಗಳಿನಲ್ಲಿ ಲೋಕಾಯುಕ್ತ ಸಂತೋಷ ಹೆಗ್ಡೆಯವರು ಅಕ್ರಮ ಗಣಿಗಾರಿಕೆಯ ವಿಷಯವಾಗಿ ತಮ್ಮ ವರದಿಯನ್ನು ಸಲ್ಲಿಸಿದರು. ಅದೇ ತಿಂಗಳಿನ ಕೊನೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯಲ್ಲಿ ಅದಿರನ್ನು ತೆಗೆಯುವುದನ್ನೇ ನಿಲ್ಲಿಸಿತು. ಅಷ್ಟು ದಿನ ಬರೆಯದೆ ಬಿಟ್ಟಿದ್ದ ಬದಿಯು ಒಮ್ಮೆಲೇ ಬಯಲಾಯಿತು. ಮುಂದೆ 2013ರಲ್ಲಿ ನ್ಯಾಯಾಲಯವು ಗಣಿಗಳನ್ನು ವಿಂಗಡಿಸಿ, ಹೆಚ್ಚಿನ ತಪ್ಪು ನಡೆದಿದ್ದ ಗುತ್ತಿಗೆಗಳನ್ನು ರದ್ದುಮಾಡಿ, ಉಳಿದವುಗಳಿಗೆ ನಿಬಂಧನೆಗಳ ಮೇಲೆ ಅನುಮತಿಯನ್ನು ಕೊಟ್ಟಿತು.

ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಉಜ್ಜ್ವಲವಾದ ವರ್ತಮಾನವು ಸುಳ್ಳಾಗಿರಲಿಲ್ಲ. ಹಣವು ಬಂದದ್ದು ನಿಜ, ಮನೆಯು ಎದ್ದದ್ದು ನಿಜ. ಅದು ಅರ್ಧವಾಗಿತ್ತು, ಅಷ್ಟೆ. ಇದು ಒಂದು. ಇನ್ನೊಂದೆಂದರೆ, ಗಣಿಗಳು ನಿಂತಾಗ ಕೆಟ್ಟವರು ತಪ್ಪು ಮಾಡಿದವರು ಮಾತ್ರವಲ್ಲ. ಸಾಲಮಾಡಿ ಲಾರಿಯನ್ನು ಕೊಂಡವನು, ತಿಂಗಳ ಸಂಬಳವನ್ನು ನಂಬಿದ್ದ ಗುಮಾಸ್ತನು, ನ್ಯಾಯವಾಗಿಯೇ ದುಡಿದ ವ್ಯವಸ್ಥಾಪಕನು, ಎಲ್ಲರ ಮನೆಗಳಲ್ಲಿಯೂ ಒಲೆಯು ತಣ್ಣಗಾಯಿತು. ಅವರಲ್ಲಿ ಎಷ್ಟು ಮಂದಿ ತಮ್ಮ ಹಳೆಯ ಮಿತ್ರರಿಗೆ ಆ ವರ್ಷದ ವರ್ತಮಾನವನ್ನು ಬರೆದಾರು? ಏರಿದವನು ಬರೆಯುತ್ತಾನೆ, ಇಳಿದವನು ಬರೆಯುವುದನ್ನು ನಿಲ್ಲಿಸುತ್ತಾನೆ. ಹೀಗೆ ಒಂದು ತರಗತಿಯ ಇತಿಹಾಸವು ಗೆದ್ದವರ ಇತಿಹಾಸ ಮಾತ್ರವಾಗುತ್ತದೆ. ಅದನ್ನು ಓದಿದವರಲ್ಲಿ ಪ್ರತಿಯೊಬ್ಬನೂ ತಾನೊಬ್ಬನೇ ಹಿಂದೆ ಬಿದ್ದವನೆಂದು ಕೊರಗುತ್ತಾನೆ.

ಇದು ಒಂದು ಸೀಮೆಯ ಮಾತಲ್ಲ. ಹಾರ್ವರ್ಡಿನ ಶಾಲೆಯಲ್ಲಿ 1979ರಲ್ಲಿ ಪದವಿಯನ್ನು ಪಡೆದು ಅಲ್ಲಿಯೇ ಅಧ್ಯಾಪಕರಾಗಿದ್ದ ಕ್ಲೇಟನ್ ಕ್ರಿಸ್ಟೆನ್ಸೆನ್ ಎಂಬವರು 2010ರಲ್ಲಿ ತಮ್ಮ ವಿದ್ಯಾರ್ಥಿಗಳಿಗೆ ಬುದ್ಧಿ ಹೇಳುತ್ತ ತಮ್ಮ ಸಹಾಧ್ಯಾಯಿಗಳ ಸಂಗತಿಯನ್ನೇ ಉದಾಹರಣೆಯಾಗಿ ತೆಗೆದುಕೊಂಡರು. ವರ್ಷಗಳು ಕಳೆದಂತೆಲ್ಲ ಪುನರ್ಮಿಲನಕ್ಕೆ ಬರುತ್ತಿದ್ದ ಮಿತ್ರರಲ್ಲಿ ದಾಂಪತ್ಯವು ಮುರಿದವರೂ, ಮಕ್ಕಳಿಂದ ದೂರವಾದವರೂ ಹೆಚ್ಚಾಗುತ್ತ ಬಂದರೆಂದೂ, ಶಾಲೆಯನ್ನು ಬಿಡುವಾಗ ಅವರಲ್ಲಿ ಒಬ್ಬನಾದರೂ ಹೀಗಾಗಲೆಂದು ಬಯಸಿರಲಿಲ್ಲವೆಂದೂ ಅವರು ಹೇಳಿದರು. ಅದೇ ತರಗತಿಯಲ್ಲಿ ಓದಿದ ಜೆಫ್ರಿ ಸ್ಕಿಲಿಂಗ್ ಎಂಬಾತನು ಎನ್ರಾನ್ ಎಂಬ ಮಹಾಸಂಸ್ಥೆಯ ಮುಖ್ಯಸ್ಥನಾಗಿ ಲೋಕದ ಕಣ್ಣುಕುಕ್ಕಿಸಿ, 2001ರಲ್ಲಿ ಆ ಸಂಸ್ಥೆಯು ಕುಸಿದ ಮೇಲೆ 2006ರಲ್ಲಿ ವಂಚನೆಯ ಅಪರಾಧಕ್ಕಾಗಿ ಸೆರೆಮನೆಯ ಶಿಕ್ಷೆಗೆ ಗುರಿಯಾದನು. ಕ್ರಿಸ್ಟೆನ್ಸೆನ್ ಅವರು ಇದಕ್ಕೆ ಕೊಟ್ಟ ಕಾರಣವು ಮನನಯೋಗ್ಯವಾದುದು. ಉದ್ಯೋಗದಲ್ಲಿ ಹಾಕಿದ ಶ್ರಮಕ್ಕೆ ಫಲವು ಬೇಗನೆ ಕಣ್ಣಿಗೆ ಬೀಳುತ್ತದೆ. ಮಕ್ಕಳ ಪಾಲನೆಯ ಫಲವು ಇಪ್ಪತ್ತು ವರ್ಷಗಳಾದರೂ ಕಾಣಿಸದು. ಆದುದರಿಂದ ಸಾಧನೆಯ ಹಸಿವುಳ್ಳವನು ತನಗೆ ತಿಳಿಯದಂತೆಯೇ ತನ್ನ ವೇಳೆಯನ್ನೆಲ್ಲ ಬೇಗ ಫಲಿಸುವ ಕಡೆಗೆ ಸುರಿಯುತ್ತಾನೆ. ಯೋಗಕ್ಕೆ ಸಾಕ್ಷಿಗಳು ಬಹಳ. ಕ್ಷೇಮಕ್ಕೆ ಸಾಕ್ಷಿಯು ಕಾಲವೊಂದೇ.

ಸಂಸಾರದ ವರ್ತಮಾನದಲ್ಲಿಯೂ ಇದೇ ಅನ್ಯಾಯವು ನಡೆಯುತ್ತದೆ. ಒಂದೇ ಪೀಠದಲ್ಲಿ ಕುಳಿತು, ಒಂದೇ ಪರೀಕ್ಷೆಯಲ್ಲಿ ತೇರ್ಗಡೆಯಾದ ಹೆಣ್ಣುಮಕ್ಕಳಲ್ಲಿ ಕೆಲವರು ಮುಂದೆ ವೃದ್ಧರಾದ ಅತ್ತೆಮಾವಂದಿರಿಗಾಗಿಯೋ, ಮಕ್ಕಳಿಗಾಗಿಯೋ ಕೆಲಸವನ್ನು ಬಿಟ್ಟಿರುತ್ತಾರೆ. ವರ್ತಮಾನವನ್ನು ಕೇಳಿದರೆ ಅವರ ಉತ್ತರವು ‘ವಿಶೇಷವೇನೂ ಇಲ್ಲ’ ಎಂಬ ಎರಡೇ ಮಾತು. ರೋಗಿಯೊಬ್ಬನನ್ನು ಹತ್ತು ವರ್ಷ ಹಾಸಿಗೆಯಲ್ಲಿ ಹುಣ್ಣಾಗದಂತೆ ನೋಡಿಕೊಂಡವಳ ಬಾಳಿನಲ್ಲಿ ವಿಶೇಷವಿಲ್ಲವೆಂದಾದರೆ ವಿಶೇಷವೆಂಬ ಮಾತಿಗೆ ಅರ್ಥವೇ ಇಲ್ಲ. ಹಂಪೆಯಲ್ಲಿ ವಿಠ್ಠಲ ದೇವಾಲಯದ ಬಳಿ, ಹೊಳೆಯ ದಡದಲ್ಲಿ ಪುರಂದರ ಮಂಟಪವಿದೆ. ಹರಿದಾಸರಾಗುವ ಮುನ್ನ ಪುರಂದರರು ಕೋಟ್ಯಧೀಶನಾದ ವರ್ತಕರಾಗಿದ್ದರೆಂದು ಐತಿಹ್ಯವು ಹೇಳುತ್ತದೆ. ಬಡವನೊಬ್ಬನಿಗೆ ಅವರ ಪತ್ನಿಯು ಕೊಟ್ಟ ಮೂಗುತಿಯೇ ಅವರ ಬಾಳನ್ನು ತಿರುಗಿಸಿತೆಂದೂ ಅದೇ ಐತಿಹ್ಯವು ಹೇಳುತ್ತದೆ. ಆ ವರ್ತಕನ ಲೆಕ್ಕದಲ್ಲಿ ಅಂದಿನವರೆಗೆ ಆಕೆಯ ಹೆಸರು ಎಲ್ಲಿಯೂ ಇದ್ದಿರಲಾರದು.

ಇಲ್ಲಿ ಒಂದು ಆಕ್ಷೇಪಣೆಯು ಏಳಬಹುದು. ಮನೆಯ ದುಃಖವನ್ನು ಬೀದಿಯಲ್ಲಿ ಹರಡುವುದು ಮರ್ಯಾದೆಯೇ? ಸೋತವನು ತನ್ನ ಸೋಲನ್ನು ನೂರು ಮಂದಿಯ ಮುಂದೆ ಹೇಳಿಕೊಳ್ಳಬೇಕೆ? ಆಕ್ಷೇಪಣೆಯು ನ್ಯಾಯವಾದುದು. ದುಃಖಕ್ಕೆ ತನ್ನದೇ ಆದ ಮಾನವುಂಟು. ಅದನ್ನು ಪ್ರದರ್ಶನಕ್ಕಿಡುವುದೂ ಒಂದು ಬಗೆಯ ಜಂಬವೇ ಆಗಬಹುದು. ಆದುದರಿಂದ ಎಲ್ಲವನ್ನೂ ಎಲ್ಲರಿಗೂ ಹೇಳಬೇಕೆಂಬುದು ಇಲ್ಲಿಯ ಅಭಿಪ್ರಾಯವಲ್ಲ. ಬರೆಯುವವನು ತನ್ನ ಗೆಲುವನ್ನು ಹೇಳುವಾಗ ಅದಕ್ಕೆ ಯಾರು ಯಾರು ಬೆಲೆಯನ್ನು ತೆತ್ತರೆಂಬುದನ್ನು ಮರೆಯದಿದ್ದರೆ ಸಾಕು. ಹೆಚ್ಚಿನ ಹೊಣೆಯು ಇರುವುದು ಓದುವವನ ಮೇಲೆ. ಬಂದ ವರ್ತಮಾನಗಳನ್ನು ಎಣಿಸುವುದರ ಜೊತೆಗೆ, ಯಾರ ವರ್ತಮಾನವು ಬರಲಿಲ್ಲವೆಂದು ಅವನು ಎಣಿಸಬೇಕು.

ಭಾಗವತದ ಕುಚೇಲನೂ ಕೃಷ್ಣನೂ ಸಾಂದೀಪನಿಯ ಆಶ್ರಮದಲ್ಲಿ ಸಹಾಧ್ಯಾಯಿಗಳು. ಒಬ್ಬನು ದ್ವಾರಕೆಯ ಒಡೆಯನಾದನು. ಇನ್ನೊಬ್ಬನಿಗೆ ಮೈಮುಚ್ಚುವ ಬಟ್ಟೆಯೂ ಸಾಲದಾಯಿತು. ಕುಚೇಲನು ಹೆಂಡತಿಯ ಒತ್ತಾಯದಿಂದ ಹೋದನೇ ಹೊರತು ಬಾಯಿಬಿಟ್ಟು ಏನನ್ನೂ ಕೇಳಲಿಲ್ಲ. ಕೃಷ್ಣನೂ ಅವನ ಪದವಿಯನ್ನು ವಿಚಾರಿಸಲಿಲ್ಲ. ಗುರುವಿನ ಮನೆಗಾಗಿ ಸೌದೆ ತರಲು ಹೋಗಿ ಮಳೆಯಲ್ಲಿ ಸಿಕ್ಕಿಕೊಂಡ ರಾತ್ರಿಯನ್ನು ನೆನಪಿಸಿದನು, ಮತ್ತು ನಾಚಿಕೆಯಿಂದ ಅಡಗಿಸಿಟ್ಟುಕೊಂಡಿದ್ದ ಅವಲಕ್ಕಿಯ ಗಂಟನ್ನು ಕಂಡುಹಿಡಿದನು. ಸಹಾಧ್ಯಾಯಿಯ ಧರ್ಮವನ್ನು ಇದಕ್ಕಿಂತ ಚೆನ್ನಾಗಿ ಹೇಳುವುದು ಕಷ್ಟ. ಮಿತ್ರನು ಹೇಳಿದುದನ್ನು ಕೇಳುವುದು ಸಾಮಾನ್ಯರ ಕೆಲಸ. ಹೇಳದೆ ಅಡಗಿಸಿದುದನ್ನು ಅವನ ಮಾನಕ್ಕೆ ಕುಂದಿಲ್ಲದಂತೆ ಕಂಡುಕೊಳ್ಳುವುದು ಸ್ನೇಹದ ಕೆಲಸ.

ಇನ್ನು ಬಾಳನ್ನು ಅಳೆಯುವ ಅಳತೆಯ ಮಾತು. ವಿಠ್ಠಲ ದೇವಾಲಯದಿಂದ ನೈಋತ್ಯಕ್ಕೆ ಸ್ವಲ್ಪ ದೂರ ನಡೆದರೆ ಎರಡು ಎತ್ತರವಾದ ಕಲ್ಲುಕಂಬಗಳೂ, ಅವುಗಳ ಮೇಲೊಂದು ಅಡ್ಡತೊಲೆಯೂ ಕಾಣುತ್ತವೆ. ತೊಲೆಯ ಕೆಳಮೈಯಲ್ಲಿ ತಕ್ಕಡಿಯನ್ನು ತೂಗುಹಾಕಲು ಕಲ್ಲಿನ ಬಳೆಗಳಿವೆ. ಇದನ್ನು ಜನರು ರಾಜನ ತುಲಾಭಾರವೆಂದು ಕರೆಯುತ್ತಾರೆ. ಪರ್ವಕಾಲಗಳಲ್ಲಿ ವಿಜಯನಗರದ ಅರಸರು ಒಂದು ತಟ್ಟೆಯಲ್ಲಿ ಕುಳಿತು, ಇನ್ನೊಂದು ತಟ್ಟೆಯಲ್ಲಿ ತಮ್ಮ ತೂಕದಷ್ಟು ಬಂಗಾರವನ್ನು ಇಡಿಸಿ ದಾನಮಾಡುತ್ತಿದ್ದರೆಂದು ಪ್ರತೀತಿ. ಆ ದಾನವು ಯಾರಿಗೆ ಸಂದಿತು, ಆ ಬಂಗಾರವು ಯಾವ ಪ್ರಜೆಯ ತೆರಿಗೆಯಿಂದ ಬಂದಿತು ಎಂದು ಇಂದಿನವರು ಕೇಳಬಹುದು, ಕೇಳಲೂಬೇಕು. ಆದರೂ ಆ ತಕ್ಕಡಿಯ ಭಾವನೆಯಲ್ಲಿ ಒಂದು ಸತ್ಯವಿದೆ. ಅಲ್ಲಿ ಮನುಷ್ಯನನ್ನು ತೂಗುತ್ತಿದ್ದುದು ಅವನಲ್ಲಿ ಎಷ್ಟಿದೆಯೆಂದು ತಿಳಿಯುವುದಕ್ಕಲ್ಲ. ಅವನು ಎಷ್ಟನ್ನು ಕೊಡಬೇಕೆಂದು ತಿಳಿಯುವುದಕ್ಕೆ. ಭಾರವಾದವನು ಹೆಚ್ಚು ಕೊಡಬೇಕು. ತೂಕವು ಹೆಮ್ಮೆಯಲ್ಲ, ಋಣ.

ಸಹಾಧ್ಯಾಯಿಗಳು ಕಾಲಕಾಲಕ್ಕೆ ತಮ್ಮನ್ನು ತೂಗಿಕೊಳ್ಳುವುದಾದರೆ ಇಂತಹ ತಕ್ಕಡಿಯಲ್ಲಿ ತೂಗಿಕೊಳ್ಳಲಿ. ದೊಡ್ಡ ಪದವಿಗೆ ಏರಿದವನು ತನ್ನ ವರ್ತಮಾನದ ಜೊತೆಗೆ ಯಾರಿಗೆ ದಾರಿಯನ್ನು ಬಿಟ್ಟುಕೊಟ್ಟೆನೆಂಬುದನ್ನೂ ಬರೆಯಲಿ. ಕಂಪ್ಲಿಯ ಗದ್ದೆಗೆ ಹಿಂದಿರುಗಿ ತಂದೆಯ ಬೇಸಾಯವನ್ನು ಹಿಡಿದವನು ಅದನ್ನು ನಾಚದೆ ಬರೆಯಲಿ. ವಿಶೇಷವೇನೂ ಇಲ್ಲವೆನ್ನುವವಳ ಮನೆಗೆ ಒಬ್ಬ ಗೆಳತಿಯಾದರೂ ಹೋಗಿ ಬರಲಿ. ಬಹುದಿನದಿಂದ ಮೌನವಾಗಿರುವವನಿಗೆ, ಎಲ್ಲರೂ ಓದುವ ಪತ್ರದಲ್ಲಲ್ಲ, ಒಬ್ಬನೇ ಓದುವ ಪತ್ರದಲ್ಲಿ ಯಾರಾದರೊಬ್ಬರು ನಾಲ್ಕು ಸಾಲು ಬರೆಯಲಿ. ಹಿರಿಯರು ಕುಶಲಕ್ಕೆ ‘ಉಭಯ’ ಎಂಬ ವಿಶೇಷಣವನ್ನು ಸೇರಿಸಿದುದು ಆಗ ಸಾರ್ಥಕವಾದೀತು.