ಮಗುವಿನ ಬಾಕಿ



ಜುಮಾ ನಮಾಝ್ ಮುಗಿದು ಜನ ಚದುರಿದ ಮೇಲೆ ಒಬ್ಬ ಯುವಕ ಬಳಿಗೆ ಬಂದು ಮೆಲ್ಲಗೆ ಕೇಳಿದ: “ಹಜ್ರತ್, ನನ್ನ ಮೇಲೆ ಕೋರ್ಟಿನ ವಾರಂಟ್ ಇದೆ. ಒಂದು ತಿಂಗಳು ಜೈಲಿನಲ್ಲಿದ್ದು ಬಂದರೆ ಹಳೆಯ ಬಾಕಿಯೆಲ್ಲ ತೀರುತ್ತದಂತೆ, ನಿಜವೇ?” ಅವನು ಗುಂಡ್ಲುಪೇಟೆಯವನು, ಶುಂಠಿ ಕೆಲಸಕ್ಕೆ ವಯನಾಡಿಗೆ ಹೋಗಿ ಬರುವವನು. ಬಾಕಿಯಿದ್ದದ್ದು ತಲಾಖ್ ಆದ ನಂತರ ತಾಯಿಯ ಜೊತೆ ಚಾಮರಾಜನಗರದಲ್ಲಿರುವ ಅವನ ಎರಡು ಮಕ್ಕಳ ಜೀವನಾಂಶ.

ತೀರುವುದಿಲ್ಲ. ಜೈಲು ಹಣ ಕೊಡುವಂತೆ ಮಾಡುವ ಒತ್ತಾಯವೇ ಹೊರತು ಹಣಕ್ಕೆ ಬದಲಿಯಲ್ಲವೆಂದು ಸುಪ್ರೀಂ ಕೋರ್ಟ್ 1980ರ ದಶಕದಲ್ಲೇ ಹೇಳಿಯಾಗಿದೆ. ಕಾಡು ದಾಟಿ ಸುಲ್ತಾನ್ ಬತ್ತೇರಿ ಸೇರಿದರೂ ಪ್ರಯೋಜನವಿಲ್ಲ. ಆತ ಎಲ್ಲಿರುತ್ತಾನೋ ಅಲ್ಲಿನ ಮ್ಯಾಜಿಸ್ಟ್ರೇಟರೇ ಆದೇಶವನ್ನು ಜಾರಿ ಮಾಡಬಹುದು. ಆದರೆ ನನಗೆ ನೋವಾದದ್ದು ಅವನ ಕಾನೂನಿನ ಅಜ್ಞಾನಕ್ಕಲ್ಲ. ಐದು ಹೊತ್ತು ನಮಾಝ್ ಮಾಡುವವನು ತನ್ನ ಮಕ್ಕಳ ಅನ್ನದಿಂದ ತಪ್ಪಿಸಿಕೊಳ್ಳುವ ದಾರಿಯನ್ನು ಮಸೀದಿಯಲ್ಲಿ ಹುಡುಕಿದನಲ್ಲಾ ಎಂದು.

ಸೂರಃ ಅಲ್ ಬಕರದ 233ನೇ ಸೂಕ್ತವನ್ನು ಓದಿ ನೋಡಿ. ಹಾಲುಣಿಸುವ ತಾಯಿಯ ಆಹಾರ, ಉಡುಪಿನ ಹೊಣೆಯನ್ನು ಅಲ್ಲಾಹನು ಮಗುವಿನ ತಂದೆಯ ಮೇಲೆ ಹೊರಿಸಿದ್ದಾನೆ. ತಲಾಖ್‌ನ ವಿಧಿಗಳ ನಡುವೆಯೇ ಈ ಆಜ್ಞೆ ಬಂದಿರುವುದನ್ನು ಗಮನಿಸಬೇಕು. ತಲಾಖ್‌ನಿಂದ ಹೆಂಡತಿ ಮಾಜಿಯಾಗುತ್ತಾಳೆ, ಮಗು ಮಾಜಿಯಾಗುವುದಿಲ್ಲ. ಅಬೂಸುಫ್ಯಾನರ ಪತ್ನಿ ಹಿಂದ್(ರ) ಪ್ರವಾದಿವರ್ಯರ(ಸ) ಬಳಿ ಬಂದು, ಪತಿ ಸಾಕಷ್ಟು ಕೊಡುವುದಿಲ್ಲವೆಂದು ದೂರಿದಾಗ, ತನಗೂ ಮಕ್ಕಳಿಗೂ ನ್ಯಾಯವಾಗಿ ಸಾಲುವಷ್ಟನ್ನು ಅವನ ಸೊತ್ತಿನಿಂದ ತೆಗೆದುಕೊಳ್ಳಲು ಅನುಮತಿಸಿದರು. ಅಂದರೆ ಅದು ಭಿಕ್ಷೆಯಲ್ಲ, ಹಕ್ಕು.

“ಮಗುವನ್ನು ನೋಡಲು ಬಿಡುವುದಿಲ್ಲ, ನಾನೇಕೆ ಕೊಡಲಿ?” ಎನ್ನುವವರಿದ್ದಾರೆ. ನೋಡುವ ಹಕ್ಕನ್ನು ನ್ಯಾಯಾಲಯದಲ್ಲಿ ಕೇಳಿ, ಖಂಡಿತ ಕೇಳಿ. ಅದಕ್ಕಾಗಿ ಮಗುವಿನ ತುತ್ತನ್ನು ಒತ್ತೆ ಹಿಡಿಯಬೇಡಿ. “ಅವಳು ಆ ಹಣದಲ್ಲಿ ಬಟ್ಟೆಬರೆ ಕೊಳ್ಳುತ್ತಾಳೆ” ಎನ್ನುವವರು ಶಾಲೆಯ ಒಂದು ಜೊತೆ ಬೂಟಿನ ಬೆಲೆಯನ್ನೇ ವಿಚಾರಿಸಿರುವುದಿಲ್ಲ!

ನಿಜವಾಗಿಯೂ ಕೈ ಖಾಲಿಯಾದವನ ಮಾತು ಬೇರೆ. ಶುಂಠಿ ಬೆಲೆ ಬಿದ್ದ ವರ್ಷ ಎಷ್ಟು ಮನೆಗಳು ಮುಳುಗುತ್ತವೆಂದು ನಮ್ಮ ತಾಲೂಕಿನವರಿಗೆ ಹೇಳಬೇಕಿಲ್ಲ. ಸೂರಃ ಅತ್ತಲಾಕ್‌ನಲ್ಲಿ ಅಲ್ಲಾಹನು ಪ್ರತಿಯೊಬ್ಬನ ಮೇಲೂ ಅವನಿಗೆ ಕೊಟ್ಟಿರುವುದಕ್ಕೆ ತಕ್ಕಷ್ಟೇ ಹೊಣೆ ಹೊರಿಸಿದ್ದಾನೆ. ದೇಶದ ಕಾನೂನೂ ಪರಿಸ್ಥಿತಿ ಬದಲಾದರೆ ಮೊತ್ತವನ್ನು ಬದಲಿಸಿಕೊಡಲು ಅರ್ಜಿ ಹಾಕುವ ಅವಕಾಶವಿಟ್ಟಿದೆ. ಅರ್ಜಿ ಹಾಕಲಿ, ಅಲ್ಲಿಯವರೆಗೆ ಸಾಧ್ಯವಿದ್ದಷ್ಟನ್ನು ಬ್ಯಾಂಕಿನ ಮೂಲಕ ಕಳಿಸಿ ರಸೀದಿ ಇಟ್ಟುಕೊಳ್ಳಲಿ. ಅಡಗಿಕೊಳ್ಳುವುದು ಬಡತನವಲ್ಲ.

ಇದನ್ನು ಓದುವ ತಾಯಂದಿರಿಗೂ ಒಂದು ಮಾತು. ಮುಸ್ಲಿಂ ಮಕ್ಕಳಿಗೂ ಈ ಕಾನೂನಿನಡಿ ಜೀವನಾಂಶ ಪಡೆಯುವ ಹಕ್ಕಿದೆಯೆಂದು, ಚಾಮರಾಜನಗರ ಬೇರೆ ಜಿಲ್ಲೆಯಾದ 1997ರಲ್ಲೇ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಹಿಂದೆ 125ನೇ ಕಲಮಿನಲ್ಲಿದ್ದ ಈ ವಿಧಿ 2024ರ ಜುಲೈ 1ರಿಂದ ಹೊಸ ಸಂಹಿತೆಯ 144ನೇ ಕಲಮಾಗಿದೆ. ಬಾಕಿ ವಸೂಲಿಯ ವಾರಂಟಿಗೆ, ಹಣ ಸಲ್ಲಬೇಕಾದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಕೊಡಬೇಕು. “ಇವತ್ತು ಕೊಟ್ಟಾರು, ನಾಳೆ ಕೊಟ್ಟಾರು” ಎಂದು ಕಾಯುತ್ತ ಆ ಅವಧಿಯನ್ನು ಕಳೆದುಕೊಳ್ಳಬೇಡಿ. ಮಹಿಳೆಯರಿಗೂ ಮಕ್ಕಳಿಗೂ ಕಾನೂನು ಸೇವಾ ಸಮಿತಿಯಿಂದ ಉಚಿತವಾಗಿ ವಕೀಲರು ಸಿಗುತ್ತಾರೆ.

ಇನ್ನು ಮೊಹಲ್ಲಾದ ಹಿರಿಯರು. ಪೊಲೀಸರು ವಾರಂಟ್ ಹಿಡಿದು ಬಂದಾಗ “ಅವನು ಊರಲ್ಲಿಲ್ಲ ಸಾರ್” ಎಂದು ನಾವೆಲ್ಲ ಒಂದೇ ಬಾಯಲ್ಲಿ ಹೇಳುತ್ತೇವೆ. ಸಮುದಾಯದ ಮಾನ ಉಳಿಸಿದೆವೆಂದುಕೊಳ್ಳುತ್ತೇವೆ. ಆ ಹೊತ್ತಿನಲ್ಲಿ ಹಸಿದು ಕುಳಿತ ಮಗು ಯಾವ ಸಮುದಾಯದ್ದು? ನಿಕಾಹ್‌ಗೆ ಸಾಕ್ಷಿ ನಿಂತ ಜಮಾಅತ್, ವಾರಂಟ್ ಹೊರಡುವ ಮೊದಲೇ ಅವನನ್ನು ಕೂರಿಸಿಕೊಂಡು ಲೆಕ್ಕ ಕೇಳಬಾರದಿತ್ತೇ? ಆರಂಭದ ದಿನಗಳಲ್ಲಿ ಪ್ರವಾದಿವರ್ಯರು(ಸ) ಜನಾಝಾ ಬಂದಾಗ ಮೃತನ ಮೇಲೆ ಸಾಲವಿದೆಯೇ ಎಂದು ವಿಚಾರಿಸುತ್ತಿದ್ದರು. ಆದೇಶವಾದ ಜೀವನಾಂಶದ ಬಾಕಿಯೂ ಸಾಲವೇ.

ಆ ಯುವಕನಿಗೆ ಇದನ್ನೆಲ್ಲ ಹೇಳಿದೆ. ಅವನು ಬಹಳ ಹೊತ್ತು ಚಾಪೆಯ ಅಂಚನ್ನು ಕೀಳುತ್ತ ಕುಳಿತಿದ್ದ. “ಅಷ್ಟೂ ಒಟ್ಟಿಗೆ ಕಟ್ಟಲಾರೆ ಹಜ್ರತ್” ಎಂದ. ಕೈಯಲ್ಲಿರುವಷ್ಟನ್ನು ತೆಗೆದುಕೋ, ಅವರು ಹಿಡಿಯುವ ಮೊದಲು ನೀನಾಗಿಯೇ ಹಾಜರಾಗಿ ನ್ಯಾಯಾಧೀಶರ ಮುಂದೆ ಕಂತು ಕೇಳು, ನಾನೂ ಜೊತೆಗೆ ಬರುತ್ತೇನೆ ಎಂದೆ. ಸೋಮವಾರ ಬೆಳಿಗ್ಗೆ ಚಾಮರಾಜನಗರದ ಬಸ್ಸಿಗೆ ಇಬ್ಬರೂ ಹತ್ತಿದೆವು.